ಎಂಜಿನ್ ಗಟ್ಟಿ, ತಳ ಟೊಳ್ಳು

ಹಳೆ ಕಾರು ಕೊಳ್ಳಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಸ್ಟಾರ್ಟ್ ಮಾಡಿಸಿ, ಒಂದಿಷ್ಟು ರೇಸ್ ಕೊಡಿಸಿ, ಸೈಲೆನ್ಸರ್‌ನಿಂದ ಬರುವ ಹೊಗೆಯ ಬಣ್ಣ ನೋಡುತ್ತಾರೆ. ಆಯಿಲ್ ಕಡ್ಡಿ ಎಳೆದು ಬೆರಳಿಗೆ ಸವರಿಕೊಳ್ಳುತ್ತಾರೆ. ‘ಎಂಜಿನ್ ಬಿಚ್ಚೇ ಇಲ್ಲ ಸಾರ್, ಕಂಪನಿ ಎಂಜಿನ್ನು’ ಎಂಬ ಮಾತು ಕಿವಿಗೆ ಬಿದ್ದರೆ ಅರ್ಧ ವ್ಯಾಪಾರ ಕುದುರಿದಂತೆ. ಆಮೇಲೆ ಟೈರು, ಎಸಿ, ಸೀಟಿನ ಕವರು. ಮಂಡಿಯೂರಿ ಕೂತು ಕಾರಿನ ಅಡಿಗೆ ಟಾರ್ಚ್ ಬಿಡುವವರು ಹಾಸನದಲ್ಲಿ ಇರಲಿ, ಹೊಳೆನರಸೀಪುರದಲ್ಲಿ ಇರಲಿ, ತೀರಾ ಕಡಿಮೆ.

ಈ ಬರಹ ಆ ಅಡಿಯ ಕುರಿತು. ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ, ಮೆಕ್ಯಾನಿಕ್ ಬರುತ್ತಾನೆ, ಖರ್ಚಾಗುತ್ತದೆ, ಅಷ್ಟೇ. ತಳ ಕೆಟ್ಟ ಕಾರು ಹಾಗಲ್ಲ, ಓಡುತ್ತಲೇ ಇರುತ್ತದೆ. ಮಕ್ಕಳನ್ನು ಶಾಲೆಗೆ ಬಿಡುತ್ತದೆ, ವಯಸ್ಸಾದವರನ್ನು ಹಾಸನದ ಆಸ್ಪತ್ರೆಗೆ ಕರೆತರುತ್ತದೆ, ಒಂದು ದಿನ ಹಂಪ್ ಮೇಲೋ ಹೆದ್ದಾರಿಯ ತಿರುವಿನಲ್ಲೋ ಮುಂದಿನ ಚಕ್ರವನ್ನು ಹಿಡಿದಿದ್ದ ತಗಡೇ ಕಿತ್ತುಬರುತ್ತದೆ. ಹದಿನೈದು, ಇಪ್ಪತ್ತು ವರ್ಷ ದಾಟಿದ ಕಾರುಗಳ ಮಾಲೀಕರು ಗ್ಯಾರೇಜಿನಲ್ಲಿ ಹೇಳಿಕೊಳ್ಳುವ ದೂರುಗಳನ್ನು ಗಮನವಿಟ್ಟು ಕೇಳಿದರೆ, ಆ ದಿನಕ್ಕಿಂತ ಬಹಳ ಮೊದಲೇ ಕಾರು ಸೂಚನೆ ಕೊಟ್ಟಿರುತ್ತದೆ ಎಂಬುದು ಗೊತ್ತಾಗುತ್ತದೆ. ಬಾಗಿಲು ಇಳಿದಿದೆ, ಮ್ಯಾಟ್ ಒದ್ದೆಯಾಗುತ್ತೆ, ಕಟಕಟ ಶಬ್ದ ಬರುತ್ತೆ. ಇವನ್ನೆಲ್ಲ ಸಣ್ಣಪುಟ್ಟ ಕಿರಿಕಿರಿ ಎಂದು ತಳ್ಳಿಹಾಕುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ.

ನಮ್ಮ ತಾಲ್ಲೂಕುಗಳ ರಸ್ತೆಯಲ್ಲಿ ಕಣ್ಣಿಗೆ ಬೀಳುವ ಹಳೆಯ ಕಾರುಗಳೆಂದರೆ ಮಾರುತಿ 800, ಓಮ್ನಿ, ಝೆನ್, ಹಳೆಯ ಆಲ್ಟೊ, ಸ್ಯಾಂಟ್ರೊ, ಇಂಡಿಕಾ. ಮಾರುತಿ 800 ಮೊದಲು ಗ್ರಾಹಕರ ಕೈ ಸೇರಿದ್ದು 1983ರ ಡಿಸೆಂಬರ್ 14ರಂದು, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ಕಾರ್ಖಾನೆಯಿಂದ ಕೊನೆಯದಾಗಿ ಹೊರಬಿದ್ದ 800ಕ್ಕೂ ಈಗ ಹತ್ತು ವರ್ಷ ಕಳೆದಿದೆ. 1984ರಲ್ಲಿ ಬಂದ ಓಮ್ನಿ 2019ರವರೆಗೆ ಬರುತ್ತಿತ್ತು. ಈ ಎಲ್ಲ ಕಾರುಗಳಿಗೂ ಒಂದು ಸಮಾನ ಗುಣವಿದೆ: ಇವುಗಳಿಗೆ ಪ್ರತ್ಯೇಕ ಚಾಸಿ ಇಲ್ಲ.

ಲಾರಿಗೆ, ಜೀಪಿಗೆ, ಟಾಟಾ ಸುಮೋಗೆ, ಬೊಲೆರೊಗೆ ಕೆಳಗೆ ದಪ್ಪ ಉಕ್ಕಿನ ಚೌಕಟ್ಟು ಇರುತ್ತದೆ. ಎಂಜಿನ್, ಚಕ್ರ, ಸ್ಪ್ರಿಂಗ್ ಎಲ್ಲವೂ ಅದಕ್ಕೆ ಕಚ್ಚಿಕೊಂಡಿರುತ್ತವೆ. ಮೇಲಿನ ಬಾಡಿ ಬೋಲ್ಟ್ ಹಾಕಿ ಕೂರಿಸಿದ ಹೊದಿಕೆ. ಬಾಡಿ ತೂತುಬಿದ್ದರೂ ಚಾಸಿ ಗಟ್ಟಿಯಿದ್ದರೆ ಗಾಡಿ ಸುಮಾರಾಗಿ ಸುರಕ್ಷಿತ. ಮಾರುತಿ 800ರಂಥ ಕಾರಿನಲ್ಲಿ ತಗಡನ್ನು ಅಚ್ಚಿನಲ್ಲಿ ಒತ್ತಿ, ಮಡಿಸಿ, ಪೆಟ್ಟಿಗೆಯಾಕಾರದ ಕೊಳವೆಗಳನ್ನಾಗಿ ಮಾಡಿ, ಸಾವಿರಾರು ಕಡೆ ಸ್ಪಾಟ್ ವೆಲ್ಡಿಂಗ್ ಹಾಕಿ ಜೋಡಿಸಿರುತ್ತಾರೆ. ಬಾಡಿಯೇ ಚಾಸಿ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಫ್ಲೋರ್, ಪಿಲ್ಲರ್‌ಗಳು, ಮುಂದಿನ ಚಕ್ರದ ಮೇಲಿನ ಏಪ್ರನ್, ಇವೆಲ್ಲ ಸೇರಿ ಹೊರೆ ಹೊರುತ್ತವೆ. ಆ ತಗಡಿನ ದಪ್ಪ ಹೆಚ್ಚಿನ ಕಡೆ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಸುಮಾರು 650 ಕಿಲೋ ತೂಕದ ಕಾರು ಐದು ಜನರನ್ನು ಹೊತ್ತು ಮೂರು ದಶಕ ಓಡಬಲ್ಲದು ಎಂದರೆ ಅದು ತಗಡಿನ ದಪ್ಪದಿಂದಲ್ಲ, ಮಡಿಕೆಯ ಜಾಣ್ಮೆಯಿಂದ. ಆ ಮಡಿಕೆ ಒಂದು ಕಡೆ ಬಿಟ್ಟುಕೊಂಡರೆ ಭಾರವೆಲ್ಲ ಪಕ್ಕದ ಮಡಿಕೆಯ ಮೇಲೆ ಬೀಳುತ್ತದೆ, ಅದಕ್ಕೂ ತುಕ್ಕು ಹಿಡಿದಿದ್ದರೆ ಅದೂ ಬಿಡುತ್ತದೆ.

ಅಂಬಾಸಿಡರ್ ಬಗ್ಗೆ ನಮ್ಮಲ್ಲೊಂದು ಗಟ್ಟಿ ನಂಬಿಕೆಯಿದೆ, ಅದು ಲಾರಿಯಂತೆ ಚಾಸಿ ಮೇಲೆ ಕೂತ ಕಾರು ಎಂದು. ನಿಜವಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಿನ್ಯಾಸವನ್ನೇ ತಂದು ಕೋಲ್ಕತ್ತದ ಬಳಿಯ ಉತ್ತರಪಾರದಲ್ಲಿ 2014ರವರೆಗೆ ತಯಾರಿಸಿದ ಅಂಬಾಸಿಡರ್ ಕೂಡ ಬಾಡಿಯೇ ಚಾಸಿಯಾಗಿರುವ ಕಾರು. ಅದರ ತಗಡು ದಪ್ಪ, ಅಷ್ಟೇ ವ್ಯತ್ಯಾಸ. ತುಕ್ಕಿಗೆ ತಿನ್ನಲು ಹೆಚ್ಚು ಕಾಲ ಬೇಕಾಯಿತು, ಅದರಿಂದ ಗಟ್ಟಿ ಎಂಬ ಹೆಸರು ಬಂತು. ‘ಅಂಬಾಸಿಡರ್ ಅಲ್ವಾ, ಏನೂ ಆಗಲ್ಲ’ ಎಂದುಕೊಂಡು ತಳ ನೋಡದೆ ಇಟ್ಟುಕೊಂಡವರೂ ಕೊನೆಗೆ ಫ್ಲೋರಿನ ಮೂಲಕ ರಸ್ತೆ ನೋಡಿದ್ದುಂಟು.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಬೇಕು, ಗಾಳಿಯಲ್ಲಿರುವ ಆಮ್ಲಜನಕ ಬೇಕು. ಎರಡೂ ಎಲ್ಲ ಊರಲ್ಲೂ ಇವೆ. ವೇಗ ಹೆಚ್ಚಿಸುವುದು ಲವಣ. ನೀರಿನಲ್ಲಿ ಉಪ್ಪಿನಂಶ ಕರಗಿದ್ದರೆ ಲೋಹದ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ವಿದ್ಯುತ್ ಹರಿಯುವುದು ಸಲೀಸಾಗುತ್ತದೆ, ತುಕ್ಕಿನ ಕ್ರಿಯೆಯೂ ಬಿರುಸಾಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಆಕ್ರಮಿಸುತ್ತದೆ. ಹಾಗಾಗಿ ಎರಡು ತಗಡುಗಳ ಸಂದಿಯಲ್ಲಿ ಹುಟ್ಟಿದ ತುಕ್ಕು ಆ ತಗಡುಗಳನ್ನು ದೂರ ತಳ್ಳಿ ವೆಲ್ಡಿಂಗ್ ಚುಕ್ಕೆಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಮತ್ತೆ, ತುಕ್ಕು ಸ್ಪಂಜಿನ ಗುಣದ್ದು, ತೇವ ಹಿಡಿದಿಟ್ಟುಕೊಳ್ಳುತ್ತದೆ. ಟೊಳ್ಳು ಭಾಗಗಳಲ್ಲಿ ಇದು ಒಳಗಿನಿಂದ ಹೊರಗೆ ಬರುತ್ತದೆ. ರನ್ನಿಂಗ್ ಬೋರ್ಡಿನ ಮೇಲೆ ಪೇಂಟ್ ಗುಳ್ಳೆಯೆದ್ದದ್ದು ನಿಮಗೆ ಕಂಡಾಗ, ಅದು ತುಕ್ಕಿನ ಆರಂಭವಲ್ಲ, ಕೊನೆಯ ಹಂತ.

ಹಾಸನ ಜಿಲ್ಲೆಯಲ್ಲಿ ಮಳೆ ಪಶ್ಚಿಮದಿಂದ ಪೂರ್ವಕ್ಕೆ ಬರುತ್ತಾ ಬರುತ್ತಾ ಇಳಿಯುತ್ತದೆ. ಸಕಲೇಶಪುರದ ಕಡೆ ವರ್ಷಕ್ಕೆ 2,000 ಮಿಲಿಮೀಟರ್ ದಾಟುವ ಮಳೆ, ಚನ್ನರಾಯಪಟ್ಟಣದ ಹೊತ್ತಿಗೆ ಹೆಚ್ಚುಕಡಿಮೆ ಅದರ ಮೂರನೇ ಒಂದು ಭಾಗಕ್ಕೆ ಬಂದಿರುತ್ತದೆ. ಅರಕಲಗೂಡು ಎರಡರ ನಡುವೆ: ಮಲ್ಲಿಪಟ್ಟಣದ ಕಡೆ ಮಲೆನಾಡಿನ ಜಡಿ, ಪೂರ್ವಕ್ಕೆ ಬಂದರೆ ಬಯಲಿನ ಗಾಳಿ. ಇಷ್ಟು ಕೇಳಿದರೆ ಚನ್ನರಾಯಪಟ್ಟಣದ ಕಾರು ಗಟ್ಟಿಯಾಗಿರಬೇಕು ಅನ್ನಿಸುತ್ತದೆ. ಮಳೆಯ ಲೆಕ್ಕಕ್ಕೆ ಸರಿ, ಬಳಕೆಯ ಲೆಕ್ಕಕ್ಕೆ ತಪ್ಪು.

ಓಮ್ನಿ ನಮ್ಮಲ್ಲಿ ಬರೀ ಜನ ಹೊರುವ ಗಾಡಿಯಾಗಿ ಉಳಿಯಲಿಲ್ಲ. ಹಿಂದಿನ ಸೀಟು ಕಿತ್ತರೆ ಅದರಲ್ಲಿ ತೆಂಗಿನಕಾಯಿ, ಬಿತ್ತನೆ ಆಲೂಗೆಡ್ಡೆ, ಶುಂಠಿ, ಹಾಲಿನ ಕ್ಯಾನು, ಗೊಬ್ಬರದ ಚೀಲ ಎಲ್ಲ ಹೋಗುತ್ತವೆ. ತೆಂಗಿಗೂ ಶುಂಠಿಗೂ ಹಾಕುವ ಪೊಟ್ಯಾಷ್ ಗೊಬ್ಬರ ರಾಸಾಯನಿಕವಾಗಿ ಅಡುಗೆ ಉಪ್ಪಿನ ಹತ್ತಿರದ ನೆಂಟ, ಪೊಟ್ಯಾಸಿಯಂ ಕ್ಲೋರೈಡ್. ಯೂರಿಯಾ ಗಾಳಿಯ ತೇವ ಹೀರಿಕೊಂಡು ತಾನೇ ನೀರಾಗುತ್ತದೆ. ಚೀಲದ ಮೂಲೆಯಿಂದ ಉದುರಿದ ಒಂದು ಹಿಡಿ ಗೊಬ್ಬರ ಮ್ಯಾಟ್ ಕೆಳಗೆ ಸೇರಿ, ಒದ್ದೆ ಕಾಲಿನ ನೀರು ಅದಕ್ಕೆ ಕೂಡಿದರೆ, ಒಣ ತಾಲ್ಲೂಕಿನಲ್ಲೇ ಕರಾವಳಿಯ ವಾತಾವರಣ ಸಿದ್ಧವಾಗುತ್ತದೆ. ಕೊಟ್ಟಿಗೆಯ ಮಗ್ಗುಲಲ್ಲಿ ನಿಲ್ಲಿಸುವ ಕಾರಿನ ಸ್ಥಿತಿಯೂ ಇದೇ. ಗಂಜಲ ಹರಿದು ಸದಾ ಹಸಿಯಾಗಿರುವ ನೆಲದಿಂದ ಏಳುವ ತೇವದಲ್ಲೂ ಲವಣವಿರುತ್ತದೆ, ಅದು ಫ್ಲೋರಿನ ಅಡಿಗೆ ರಾತ್ರಿಯಿಡೀ ತಾಗುತ್ತದೆ.

ಹೊಲದ ದಾರಿಯ ಕೆಮ್ಮಣ್ಣು ಇನ್ನೊಂದು ಕಾರಣ. ಚಕ್ರ ಎರಚಿದ ಕೆಸರು ಮಡ್‌ಗಾರ್ಡಿನ ಒಳಸುತ್ತಿನ ಮಡಿಕೆಯಲ್ಲಿ, ರನ್ನಿಂಗ್ ಬೋರ್ಡಿನ ತುದಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಮೇಲೆ ಒಣಗಿದಂತೆ ಕಂಡರೂ ತಗಡಿಗೆ ಅಂಟಿದ ಭಾಗ ದಿನಗಟ್ಟಲೆ ಹಸಿ. ಬಾಗಿಲ ಕೆಳಗೆ, ರನ್ನಿಂಗ್ ಬೋರ್ಡಿನ ತಳದಲ್ಲಿ ನೀರು ಬಸಿದುಹೋಗಲಿ ಎಂದು ಕಂಪನಿಯವರೇ ಬಿಟ್ಟ ಸಣ್ಣ ತೂತುಗಳನ್ನೂ ಅದೇ ಮಣ್ಣು ಮುಚ್ಚುತ್ತದೆ. ಕಾರು ತೊಳೆಸುವಾಗ ಮೈಗೆ ಶಾಂಪೂ ಹಾಕಿಸುತ್ತೇವೆ, ಈ ತೂತುಗಳಿಗೆ ಒಂದು ಕಡ್ಡಿ ಹಾಕಿ ನೋಡುವುದಿಲ್ಲ. ಖರ್ಚಿಲ್ಲದ ಕೆಲಸ, ಬಹುಶಃ ಅದಕ್ಕೇ ಯಾರೂ ಮಾಡುವುದಿಲ್ಲ.

ಹೊರಗಿನಿಂದ ಬರುವ ಕಾರುಗಳ ವಿಚಾರ ಬೇರೆ. ರಾಷ್ಟ್ರೀಯ ಹೆದ್ದಾರಿ 75 ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಹಾಸನ, ಚನ್ನರಾಯಪಟ್ಟಣ ದಾಟಿ ಬೆಂಗಳೂರಿಗೆ ಹೋಗುತ್ತದೆ. ಅದೇ ದಾರಿಯಲ್ಲಿ ಕೆಎ-19, ಕೆಎ-20 ನಂಬರಿನ ಹಳೆ ಕಾರುಗಳು ಹಾಸನದ ಮಾರುಕಟ್ಟೆಗೆ ಬರುತ್ತವೆ. ಕಡಲ ದಂಡೆಯಲ್ಲಿ ಹತ್ತು ವರ್ಷ ನಿಂತ ಕಾರಿನ ಸಂದುಗಳಲ್ಲಿ ಉಪ್ಪು ಕೂತಿರುತ್ತದೆ, ಘಾಟಿ ಹತ್ತಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಮೀನು ಸಾಗಿಸಿದ ಓಮ್ನಿಯಾದರೆ ಇನ್ನೂ ಕಷ್ಟ. ಎಲ್ಲ ಕರಾವಳಿ ಕಾರೂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಮನೆಯೊಳಗೆ ನಿಲ್ಲಿಸಿ ಜೋಪಾನ ಮಾಡಿದವರೂ ಇದ್ದಾರೆ. ಆದರೆ ಅಡಿ ನೋಡದೆ ಕೊಳ್ಳಬಾರದ ಕಾರು ಅಂತ ಒಂದಿದ್ದರೆ ಅದು ಇದು. ನೆರೆ ನೀರಲ್ಲಿ ನಿಂತ ಕಾರುಗಳದ್ದೂ ಅಷ್ಟೇ ಎಚ್ಚರಿಕೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಳೆಗೆ ಕಾವೇರಿ ಉಕ್ಕಿ ನಮ್ಮ ರಾಮನಾಥಪುರದ ದಂಡೆಯ ಮನೆಗಳಿಗೂ ನೀರು ನುಗ್ಗಿತ್ತು. 2015ರ ಚೆನ್ನೈ, 2022ರ ಬೆಂಗಳೂರು ಪ್ರವಾಹಗಳಲ್ಲಿ ಮುಳುಗಿದ ಕಾರುಗಳಿಗೆ ಲೆಕ್ಕವಿಲ್ಲ. ಸೀಟು ಒಣಗಿಸಿ, ಸುಗಂಧ ಹೊಡೆದು ಮಾರಬಹುದು. ರನ್ನಿಂಗ್ ಬೋರ್ಡಿನ ಕೊಳವೆಯೊಳಗೆ ಸೇರಿದ ರಾಡಿಯನ್ನು ತೆಗೆಯಲಾಗದು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಅದರ ಬುಡ ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ.

ಈಗ ದೂರುಗಳಿಗೆ ಬರೋಣ.

‘ಅಣ್ಣಾ, ಡ್ರೈವರ್ ಸೈಡ್ ಬಾಗಿಲು ಯಾಕೋ ಇಳಿದಂಗಿದೆ, ಎತ್ತಿ ಹಾಕಬೇಕು.’ ಇದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು. ಹೆಚ್ಚಿನ ಸಲ ಕಾರಣ ಕ್ಷುಲ್ಲಕ, ಹಿಂಜಿನ ಪಿನ್ನು ಸವೆದಿರುತ್ತದೆ, ಬದಲಿಸಿದರೆ ಮುಗಿಯಿತು. ಆದರೆ ಬಾಗಿಲು ತೆರೆದು ಅದರ ತುದಿಯನ್ನು ಮೆಲ್ಲಗೆ ಮೇಲಕ್ಕೆ ಎತ್ತಿ ನೋಡಬೇಕು. ಹಿಂಜು ಅಲ್ಲಾಡದೆ, ಹಿಂಜು ಕೂತ ಪಿಲ್ಲರಿನ ತಗಡೇ ಉಸಿರಾಡಿದಂತೆ ಆಡಿದರೆ, ಪಿಲ್ಲರಿನ ಬುಡ ಹೋಗಿದೆ ಎಂದರ್ಥ. ಎರಡೂ ಬದಿಯ ಬಾಗಿಲ ಸಂದು ಮೇಲೆ ಕಿರಿದು, ಕೆಳಗೆ ಅಗಲವಾಗಿದ್ದರೆ ಕಾರಿನ ನಡುವೇ ಕುಸಿಯುತ್ತಿದೆ. ಓಮ್ನಿಯಲ್ಲಿ ಇದೇ ದೂರು ಬೇರೆ ರೂಪದಲ್ಲಿ ಬರುತ್ತದೆ: ಸರಿಸುವ ಬಾಗಿಲು ಅರ್ಧಕ್ಕೆ ಕಚ್ಚಿಕೊಳ್ಳುತ್ತದೆ. ಗ್ರೀಸ್ ಹಾಕುತ್ತಾರೆ, ರೋಲರ್ ಬದಲಿಸುತ್ತಾರೆ. ಕೆಳಗಿನ ಹಳಿ ಕೂತ ತಗಡು ಬಾಗಿರುವುದನ್ನು ಯಾರೂ ನೋಡಿರುವುದಿಲ್ಲ.

‘ಮಳೆ ಬಂದರೆ ಮ್ಯಾಟ್ ಕೆಳಗೆ ನೀರು.’ ಈ ನೀರು ಎಲ್ಲಿಂದ ಬಂತೆಂದು ಹುಡುಕುವುದು ತಾಳ್ಮೆಯ ಕೆಲಸ. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಬಿಸಿಲಿಗೆ ಕಲ್ಲಾಗಿ ಸಂದು ಬಿಟ್ಟಿರಬಹುದು. ಹೊಂಗೆಯ ಮರದಡಿ ನಿಲ್ಲಿಸಿದ ಕಾರಾದರೆ ವೈಪರ್ ಬುಡದ ಜಾಲರಿಯೊಳಗೆ ಎಲೆ ತುಂಬಿ, ನೀರು ಹೊರಹೋಗುವ ದಾರಿ ಕಟ್ಟಿ, ಡ್ಯಾಶ್‌ಬೋರ್ಡಿನ ಹಿಂದಿನಿಂದ ಒಳಗೆ ಇಳಿಯುತ್ತಿರಬಹುದು. ಎಸಿಯ ನೀರಿನ ಪೈಪ್ ಕಳಚಿರಬಹುದು. ಫ್ಲೋರಿನ ರಬ್ಬರ್ ಬಿರಡೆ ಬಿದ್ದುಹೋಗಿರಬಹುದು. ಮೂಲ ಹುಡುಕದೆ ನಮ್ಮವರು ಮಾಡುವುದೇನೆಂದರೆ, ಇನ್ನೂ ದಪ್ಪದ ಪ್ಲಾಸ್ಟಿಕ್ ಮ್ಯಾಟ್ ಹಾಸುತ್ತಾರೆ. ಕೆಳಗಿನ ಫೆಲ್ಟು ಹೀರಿದ ನೀರು ಆರುವುದೇ ಇಲ್ಲ, ಒಂದೆರಡು ಮಳೆಗಾಲದಲ್ಲಿ ಫ್ಲೋರ್ ತೂತು ಬೀಳುತ್ತದೆ. ಆ ತೂತಿನಿಂದ ಬರುವುದು ನೀರಷ್ಟೇ ಅಲ್ಲ. ಸೈಲೆನ್ಸರ್ ಕೂಡ ಒಡೆದಿದ್ದರೆ ಹೊಗೆಯ ಇಂಗಾಲದ ಮಾನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಗಾಜೇರಿಸಿ ಎಸಿ ಹಾಕಿಕೊಂಡು ಹೊರಟವರಿಗೆ ದಾರಿಯಲ್ಲಿ ತಲೆನೋವು, ಮಂಪರು ಬಂದರೆ ಪಿತ್ತ ಅಂದುಕೊಳ್ಳುವ ಮೊದಲು ಕಾರಿನ ತಳ ನೋಡಿಸಬೇಕು.

ನನ್ನ ಮಟ್ಟಿಗೆ ಅತ್ಯಂತ ಗಂಭೀರವಾದ ದೂರು ಮೂರನೆಯದು. ‘ಹಂಪ್ ಹಾರಿದರೆ ಮುಂದೆ ಕಟಕ್ ಅನ್ನುತ್ತೆ. ಬುಷ್ ಹಾಕಿಸ್ದೆ, ಶಾಕ್ ಹಾಕಿಸ್ದೆ, ಲೋವರ್ ಆರ್ಮ್ ಬದಲಾಯಿಸ್ದೆ, ಹೋಗ್ತಿಲ್ಲ. ಅಲೈನ್‌ಮೆಂಟ್ ಮಾಡಿಸಿದ ವಾರಕ್ಕೇ ಎಡಕ್ಕೆ ಎಳೆಯುತ್ತೆ.’ ಈ ಎರಡು ಮಾತು ಒಟ್ಟಿಗೆ ಬಂದರೆ ಮೆಕ್ಯಾನಿಕ್ ಪಾನಾ ಕೆಳಗಿಟ್ಟು ಟಾರ್ಚ್ ಹಿಡಿಯಬೇಕು. ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಮೇಲ್ತುದಿ ಬೋಲ್ಟಾಗುವುದು ಬಾನೆಟ್ ಅಡಿಯ ಏಪ್ರನ್ ತಗಡಿಗೆ. ಲೋವರ್ ಆರ್ಮ್ ಕೆಳಗೆ ಬೋಲ್ಟಾಗುವುದೂ ಬಾಡಿಯ ಕೊಳವೆಗೇ. ಆ ತಗಡು ಬಿರಿದಿದ್ದರೆ ಯಾವ ಹೊಸ ಸಾಮಾನು ಹಾಕಿದರೂ ಚಕ್ರದ ಕೋನ ನಿಲ್ಲುವುದಿಲ್ಲ, ಟೈರು ಒಂದೇ ಬದಿ ಸವೆಯುತ್ತದೆ, ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಪಕ್ಕಕ್ಕೆ ಜಗ್ಗುತ್ತದೆ. ಬ್ಯಾಟರಿ ಇರುವ ಬದಿಯ ಏಪ್ರನ್ನನ್ನು ವಿಶೇಷವಾಗಿ ನೋಡಬೇಕು. ವರ್ಷಾನುಗಟ್ಟಲೆ ತೊಟ್ಟಿಕ್ಕಿದ ಆಸಿಡ್ ಪೇಂಟನ್ನು ತಿಂದು ತಗಡಿಗೆ ಇಳಿದಿರುತ್ತದೆ. ತುಂಡಾದ ಮೇಲೆ ಚಕ್ರ ಬಾಡಿಯ ಕಡೆಗೆ ಮಡಚಿಕೊಳ್ಳುತ್ತದೆ. ಗಂಟೆಗೆ ಎಪ್ಪತ್ತು ಎಂಬತ್ತರ ವೇಗದಲ್ಲಿ ಹಾಸನ–ಚನ್ನರಾಯಪಟ್ಟಣ ರಸ್ತೆಯಲ್ಲಿ ಅದು ಆದರೆ ಡ್ರೈವರ್ ಎಷ್ಟೇ ಅನುಭವಸ್ಥನಾದರೂ ಮಾಡಲು ಏನೂ ಉಳಿದಿರುವುದಿಲ್ಲ.

ಪಂಕ್ಚರ್ ಅಂಗಡಿಯ ಹುಡುಗರು ಹೇಳುವ ದೂರೊಂದಿದೆ: ಜಾಕ್ ಕೊಟ್ಟರೆ ಕಾರು ಏಳುವ ಬದಲು ಜಾಕೇ ಒಳಕ್ಕೆ ಹೋಗುತ್ತದೆ. ಕಂಪನಿ ಜಾಕ್‌ಗೆಂದು ಗುರುತಿಸಿದ ಜಾಗವೆಂದರೆ ರನ್ನಿಂಗ್ ಬೋರ್ಡಿನ ಅತ್ಯಂತ ಬಲವಾದ ಜಾಗ. ಅದೇ ಕುಸಿದರೆ ಉಳಿದದ್ದನ್ನು ಕೇಳುವುದು ಬೇಡ. ಹುಡುಗರು ಪಾಪ, ಮರದ ತುಂಡು ಇಟ್ಟು ಬೇರೆ ಕಡೆ ಎತ್ತಿ ಕೆಲಸ ಮುಗಿಸಿ ಕಳಿಸುತ್ತಾರೆ. ಮಾಲೀಕನಿಗೆ ಒಂದು ಮಾತು ಹೇಳಿದರೂ ಅವನು ನಕ್ಕು ಹೊರಡುತ್ತಾನೆ. ಸೀಟು ಅಲ್ಲಾಡುವುದು, ಬೆಲ್ಟಿನ ಬುಡದ ಬೋಲ್ಟ್ ಸುತ್ತ ತಗಡು ಪುಡಿಯಾಗುವುದೂ ಇದೇ ಜಾತಿಯವು. ಬೆಲ್ಟ್ ಎಷ್ಟೇ ಹೊಸದಿದ್ದರೂ ಅದರ ಬೋಲ್ಟ್ ಕೂತಿರುವುದು ಫ್ಲೋರಿಗೆ, ಪಿಲ್ಲರಿನ ಬುಡಕ್ಕೆ. ತಳಭಾಗದಲ್ಲೇ ಹಾದುಹೋಗುವ ಉಕ್ಕಿನ ಬ್ರೇಕ್ ಪೈಪ್ ಕೂಡ ಅದೇ ಕೆಸರು, ಅದೇ ಗೊಬ್ಬರದ ನೀರು ಕುಡಿದಿರುತ್ತದೆ ಎಂಬುದನ್ನು ಮರೆಯಬಾರದು.

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿತು. ಆಲ್ಟೊ 800, ನ್ಯಾನೊ, ಐ10 ಕಾರುಗಳ ಬಾಡಿಯೇ ತಡೆಯಲಾರದೆ ಕುಸಿಯಿತು. ಫಿಗೊ, ಪೋಲೊ ಕಾರುಗಳ ಬಾಡಿ ತಡೆದುಕೊಂಡರೂ ಏರ್‌ಬ್ಯಾಗ್ ಇಲ್ಲದೆ ಐದಕ್ಕೂ ಸೊನ್ನೆ ಸ್ಟಾರ್ ಬಂತು. ಅವೆಲ್ಲ ಹೊಚ್ಚ ಹೊಸ ಕಾರುಗಳು. ಅವಕ್ಕಿಂತ ಹಳೆಯ ವಿನ್ಯಾಸದ, ಇಪ್ಪತ್ತು ಮಳೆಗಾಲ ಕಂಡ ತಗಡಿನಿಂದ ನಾವು ಏನನ್ನು ನಿರೀಕ್ಷಿಸಬಹುದು?

ಹೀಗಿದ್ದರೂ ಹಳೆ ಕಾರುಗಳು ಲಕಲಕ ಹೊಳೆಯುತ್ತವೆ. ಕಾರಣ ಪುಟ್ಟಿ. ಟಿಂಕರಿಂಗ್ ಮೇಸ್ತ್ರಿಗಳಲ್ಲಿ ಕಸುಬುದಾರರು ನಮ್ಮ ಊರುಗಳಲ್ಲಿ ಇದ್ದಾರೆ, ತಗಡು ಬಡಿದು ಮೂಲ ಆಕಾರಕ್ಕೆ ತರುವ ಅವರ ಕೈಗೆ ನಾನು ಗೌರವ ಕೊಡುತ್ತೇನೆ. ದೋಷ ಇರುವುದು ‘ಮಾರೋ ಗಾಡಿ, ನೀಟಾಗಿ ಕಾಣಂಗೆ ಮಾಡ್ಕೊಡಿ ಸಾಕು’ ಎಂದು ಹೇಳುವವರಲ್ಲಿ. ತುಕ್ಕು ಕೆರೆಯದೆ ತೂತಿಗೆ ಫೈಬರ್ ಅಂಟಿಸಿ, ಮೇಲೆ ಪುಟ್ಟಿ ಬಳಿದು, ಉಜ್ಜಿ, ಪೇಂಟ್ ಹೊಡೆದರೆ ಆರು ತಿಂಗಳು ಏನೂ ಕಾಣುವುದಿಲ್ಲ. ಗೆದ್ದಲು ತಿಂದ ತೊಲೆಗೆ ಬಣ್ಣ ಬಳಿದಂತೆ ಅದು. ಇನ್ನು ಕೆಲವರು ತಳಕ್ಕೆ ಕಪ್ಪು ಅಂಡರ್ ಕೋಟಿಂಗ್ ಹೊಡೆಸುತ್ತಾರೆ. ಹೊಸ ತಗಡಿಗೆ ಅದು ಒಳ್ಳೆಯದೇ. ತುಕ್ಕಿನ ಮೇಲೆ ಹೊಡೆದರೆ ತೇವವನ್ನು ಒಳಗೇ ಕೂಡಿಹಾಕುತ್ತದೆ, ನೋಡುವವನ ಕಣ್ಣನ್ನೂ ಕಟ್ಟುತ್ತದೆ. ಆದ್ದರಿಂದ ಹದಿನೈದು ವರ್ಷದ ಕಾರಿನ ತಳ ನಿನ್ನೆ ಮೊನ್ನೆ ಕಪ್ಪು ಬಳಿದಂತೆ ಕಂಡರೆ ಸಂತೋಷಪಡಬೇಡಿ, ಅನುಮಾನಿಸಿ. ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತ ಜೇಬಿನಲ್ಲಿರಲಿ. ರನ್ನಿಂಗ್ ಬೋರ್ಡ್, ಚಕ್ರದ ಸುತ್ತು, ಬಾಗಿಲ ಕೆಳಭಾಗಕ್ಕೆ ಹಿಡಿದು ನೋಡಿ. ಪುಟ್ಟಿ ದಪ್ಪವಿರುವ ಕಡೆ ಅದು ಕಚ್ಚುವುದಿಲ್ಲ. ಬೆರಳ ಗಣ್ಣಿನಿಂದ ತಟ್ಟಿದರೆ ತಗಡಿನ ಸದ್ದೇ ಬೇರೆ, ಪುಟ್ಟಿಯ ಸದ್ದೇ ಬೇರೆ.

ಅಪಘಾತವಾಗಿ ನಜ್ಜುಗುಜ್ಜಾದ ಕಾರುಗಳದ್ದು ಇನ್ನೊಂದು ಕತೆ. ರಿಪೇರಿ ಖರ್ಚು ಕಾರಿನ ವಿಮಾ ಮೌಲ್ಯದ ಶೇ 75ನ್ನು ಮೀರಿದರೆ ವಿಮಾ ಕಂಪನಿ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತದೆ. ಆ ಗುಡ್ಡೆ ಆಮೇಲೆ ಹರಾಜಾಗಿ, ಎಲ್ಲೋ ಸರಿಹೋಗಿ, ಮತ್ತೆ ರಸ್ತೆಗೆ ಬರುವುದುಂಟು. ಬಾಗಿಲಿನ ರಬ್ಬರ್ ಬೀಡಿಂಗನ್ನು ಒಂದು ಗೇಣು ಕಿತ್ತು ನೋಡಿದರೆ ಕಂಪನಿಯ ಸ್ಪಾಟ್ ವೆಲ್ಡಿಂಗ್ ಚುಕ್ಕೆಗಳು ಸಮ ಅಂತರದಲ್ಲಿ ಕಾಣಬೇಕು. ಅಲ್ಲಿ ಉದ್ದನೆಯ ಗಂಟುಗಂಟು ವೆಲ್ಡಿಂಗ್ ಇದ್ದರೆ ಆ ಕಾರು ಒಮ್ಮೆ ತುಂಡಾಗಿದ್ದು ಹೌದು. ತುಕ್ಕಿಗಂತೂ ವಿಮೆಯ ಆಸರೆಯೂ ಇಲ್ಲ. ಸವೆತವನ್ನು ಪಾಲಿಸಿ ಹೊರಗಿಟ್ಟಿರುತ್ತದೆ.

ಸರ್ಕಾರ ನೋಡುವುದಿಲ್ಲವೇ ಎಂದರೆ, ನೋಡುತ್ತದೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನಮ್ಮ ಜನ ‘ಎಫ್‌ಸಿ ಮಾಡಿಸೋದು’ ಎನ್ನುವ ಆ ನವೀಕರಣಕ್ಕೆ ಆರ್‌ಟಿಓ ಕಚೇರಿಗೆ ಕಾರು ಒಯ್ಯಬೇಕು, ಬ್ರೇಕ್ ಇನ್‌ಸ್ಪೆಕ್ಟರ್ ನೋಡಬೇಕು, ಆಮೇಲೆ 5 ವರ್ಷ ಸಿಗುತ್ತದೆ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದನ್ನು 10,000ಕ್ಕೆ ಏರಿಸಿದರು. ಶುಲ್ಕ ಏರಿದಷ್ಟು ವೇಗವಾಗಿ ತಪಾಸಣೆ ಆಳಕ್ಕೆ ಇಳಿಯಲಿಲ್ಲ ಎಂಬುದೇ ನನ್ನ ತಕರಾರು. ಲೈಟು, ಬ್ರೇಕು, ಹೊಗೆ, ನಂಬರ್ ಪ್ಲೇಟು, ಪೇಂಟು ನೋಡಲು ಕಾರು ನೆಲದ ಮೇಲಿದ್ದರೆ ಸಾಕು. ತಳ ನೋಡಬೇಕಾದರೆ ಅದನ್ನು ಎತ್ತಬೇಕು.

ಬ್ರಿಟನ್ನಿನಲ್ಲಿ 1960ರಿಂದ ಹಳೆ ಕಾರುಗಳ ಕಡ್ಡಾಯ ತಪಾಸಣೆಯಿದೆ. ಅಲ್ಲಿನ ಇಂದಿನ ನಿಯಮದಲ್ಲಿ ನನಗೆ ಬಹಳ ಇಷ್ಟವಾದ ಒಂದು ಅಂಶವೆಂದರೆ ಅಳತೆ. ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕ್, ಸೀಟ್ ಬೆಲ್ಟ್ ಬಾಡಿಗೆ ಬೋಲ್ಟಾಗುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ಹೊರೆ ಹೊರುವ ತಗಡು ತುಕ್ಕಿನಿಂದ ದುರ್ಬಲವಾಗಿದ್ದರೆ ಕಾರು ಫೇಲ್. ಪರೀಕ್ಷಕ ಹೆಬ್ಬೆರಳಿನಿಂದ ಒತ್ತುತ್ತಾನೆ, ಸಣ್ಣ ಸಾಧನದಿಂದ ತಟ್ಟುತ್ತಾನೆ. ಬಾಗಿಲ ಹೊರತಗಡಿನಲ್ಲೋ ಬಾನೆಟ್ ಅಂಚಿನಲ್ಲೋ ತುಕ್ಕಿದ್ದರೆ, ಚೂಪಾಗಿ ಯಾರಿಗೂ ತಾಗದಿದ್ದರೆ, ಅದರ ತಂಟೆಗೆ ಹೋಗುವುದಿಲ್ಲ. ಹೊರೆ ಹೊರುವ ಭಾಗಕ್ಕೆ ಫೈಬರ್, ಪುಟ್ಟಿಯ ದುರಸ್ತಿ ಒಪ್ಪುವುದಿಲ್ಲ. ತಗಡಿಗೆ ತಗಡನ್ನೇ ಬೆಸೆಯಬೇಕು. ಎಲ್ಲ ತುಕ್ಕೂ ಒಂದೇ ಅಲ್ಲ ಎಂಬ ತಿಳಿವಳಿಕೆ ಇದರಲ್ಲಿದೆ. ನಮ್ಮಲ್ಲಿ ತಾಲ್ಲೂಕು ಗ್ಯಾರೇಜಿನವರೂ ಒಂದು ಗೇಣಿನ ಅಳತೆ ಇಟ್ಟುಕೊಂಡು ಇದನ್ನೇ ಮಾಡಬಹುದು, ಯಂತ್ರ ಬೇಕಿಲ್ಲ.

ಅಮೆರಿಕದ ಒಂದು ಪ್ರಕರಣ ಬೇರೆ ಪಾಠ ಹೇಳುತ್ತದೆ. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಟೊಯೊಟಾ ಟಕೋಮಾ ಎಂಬ ಪಿಕಪ್ ಗಾಡಿಗಳ ಚಾಸಿಯೇ ತುಕ್ಕು ಹಿಡಿದು ತೂತಾಗುತ್ತಿದೆ ಎಂದು ಮಾಲೀಕರು ಬರೆದು ಬರೆದು ದೂರು ಕೊಟ್ಟರು. 2008ರಲ್ಲಿ ಕಂಪನಿ 1995ರಿಂದ 2000ದವರೆಗಿನ ಗಾಡಿಗಳ ಚಾಸಿಗೆ 15 ವರ್ಷದ ಖಾತರಿ ಕೊಟ್ಟಿತು, ತೀರಾ ಕೆಟ್ಟವನ್ನು ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟು ಕೊಟ್ಟು ವಾಪಸ್ ಪಡೆಯಿತು. ಮುಂದಿನ ಮಾದರಿಗಳ ಮೇಲೂ ದಾವೆ ಬಿದ್ದು 2016ರಲ್ಲಿ ಸುಮಾರು 15 ಲಕ್ಷ ಗಾಡಿಗಳಿಗೆ ಅನ್ವಯಿಸುವ, 340 ಕೋಟಿ ಡಾಲರ್‌ವರೆಗೆ ತಗಲಬಹುದಾದ ರಾಜಿಯಾಯಿತು. ಅದನ್ನು ಸಾಧ್ಯವಾಗಿಸಿದ್ದು ಬಿಡಿಬಿಡಿ ಮಾಲೀಕರ ಬರವಣಿಗೆ: ಯಾವ ವರ್ಷದ ಗಾಡಿ, ಎಷ್ಟು ಓಡಿದೆ, ಎಲ್ಲಿ ತೂತಾಗಿದೆ.

ನಮ್ಮಲ್ಲೂ 2019ರ ತಿದ್ದುಪಡಿ ಕಾಯ್ದೆಯಿಂದ ಸರ್ಕಾರ ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಸಬಹುದು, 2021ರ ಏಪ್ರಿಲ್‌ನಿಂದ ಅದರ ನಿಯಮ ಜಾರಿಯಲ್ಲಿದೆ. ಆದರೆ ಅದು ಏಳು ವರ್ಷದೊಳಗಿನ ವಾಹನಗಳಿಗೆ. ಬಾಡಿಯ ದೋಷ ಹೊರಬೀಳುವುದು ಸಾಮಾನ್ಯವಾಗಿ ಏಳು ವರ್ಷ ಕಳೆದ ಮೇಲೆ. ಕಾನೂನಿನ ಬಾಗಿಲು ಮುಚ್ಚಿದ ಮೇಲೆಯೇ ತೊಂದರೆ ಶುರುವಾಗುವ ಈ ಕಾರುಗಳ ಬಗ್ಗೆ ಇರುವ ತಿಳಿವಳಿಕೆಯೆಲ್ಲ ಗ್ಯಾರೇಜಿನ ಬಾಯಿಮಾತಿನಲ್ಲಿ ಹುಟ್ಟಿ ಅಲ್ಲೇ ಸಾಯುತ್ತಿದೆ. ಯಾವ ಮಾದರಿಯ ಏಪ್ರನ್ ಎಲ್ಲಿ ಬಿರಿಯುತ್ತದೆ ಎಂದು ಅರಕಲಗೂಡಿನ ಮೇಸ್ತ್ರಿಗೆ ಕಣ್ಣುಮುಚ್ಚಿ ಹೇಳಲು ಬರುತ್ತದೆ. ಅದನ್ನು ಬರೆದಿಟ್ಟವರಿಲ್ಲ. ಹಾಸನದಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ, ಐಟಿಐಗಳಿವೆ. ಒಂದು ವರ್ಷದ ವಿದ್ಯಾರ್ಥಿಗಳು ಒಂದು ನೋಟ್‌ಬುಕ್ ಹಿಡಿದು ನಾಲ್ಕು ತಾಲ್ಲೂಕುಗಳ ಟಿಂಕರಿಂಗ್ ಅಂಗಡಿಗಳಲ್ಲಿ ಕೂತರೆ, ಹಳೆ ಕಾರು ನಂಬಿದ ಸಾವಿರಾರು ಮನೆಗಳಿಗೆ ಉಪಯೋಗವಾಗುವ ದಾಖಲೆಯೊಂದು ಸಿದ್ಧವಾಗುತ್ತದೆ.

ತುಕ್ಕು ಕಂಡ ಕಾರನ್ನೆಲ್ಲ ಗುಜರಿಗೆ ಹಾಕಿ ಎಂದು ನಾನು ಹೇಳುವವನಲ್ಲ. ಒಂದು ಕಾರು ನಮ್ಮ ಕಡೆಯ ಮನೆಗೆ ಎಷ್ಟು ದೊಡ್ಡ ಆಸರೆ ಎಂಬುದು ಗೊತ್ತಿದೆ. ಫ್ಲೋರನ್ನು, ರನ್ನಿಂಗ್ ಬೋರ್ಡನ್ನು ಸರಿಮಾಡಬಹುದು. ತುಕ್ಕನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಅದೇ ದಪ್ಪದ ಹೊಸ ತಗಡನ್ನು ಸುತ್ತಲೂ ಬಿಡದೆ ಬೆಸೆಯಬೇಕು. ತೆಳು ತಗಡಿಗೆ ಗ್ಯಾಸ್ ವೆಲ್ಡಿಂಗಿಗಿಂತ ಸಿಒ2 ವೆಲ್ಡಿಂಗ್ ಉತ್ತಮ, ಶಾಖ ಕಡಿಮೆ ಹರಡುತ್ತದೆ. ಹೊರಗೆ ಸತುವಿನ ಪ್ರೈಮರ್, ಸಂದಿಗೆ ಸೀಲರ್. ಕೊಳವೆಯೊಳಗೆ ಮೇಣದಂಥ ರಕ್ಷಕ ದ್ರವ ಸಿಂಪಡಿಸಬೇಕು, ಇಲ್ಲದಿದ್ದರೆ ವೆಲ್ಡಿಂಗ್ ಶಾಖಕ್ಕೆ ಸುಟ್ಟ ಒಳಮೈ ಮೊದಲು ತುಕ್ಕು ಹಿಡಿಯುತ್ತದೆ. ಹಳೆಯ ಡ್ರೈವರ್‌ಗಳು ತಳಕ್ಕೆ ಸುಟ್ಟ ಎಂಜಿನ್ ಆಯಿಲ್ ಹೊಡೆಯುತ್ತಿದ್ದರು. ತಗಡಿಗೆ ಅದು ನಾಟುವುದು ನಿಜ, ಆದರೆ ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳುಮಾಡುತ್ತದೆ, ನೆಲಕ್ಕೂ ಸೋರುತ್ತದೆ. ಏಪ್ರನ್ನೂ ಲೋವರ್ ಆರ್ಮ್ ಕೂರುವ ಕೊಳವೆಯೂ ಎರಡೂ ಬದಿ ಹೋಗಿದ್ದರೆ ಮಾತ್ರ ಪ್ರಾಮಾಣಿಕ ಮೇಸ್ತ್ರಿ ಕೈ ಮುಗಿಯುತ್ತಾನೆ. ಅಂಥ ಮಾತು ಹೇಳಿದವನನ್ನು ಬಿಟ್ಟು ‘ನಾನು ಮಾಡ್ಕೊಡ್ತೀನಿ’ ಎನ್ನುವ ಇನ್ನೊಬ್ಬನನ್ನು ಹುಡುಕಿಕೊಂಡು ಹೋಗಬೇಡಿ.

ಹಾಗೆ ಕೊನೆಗೊಂಡ ಕಾರನ್ನು ಗುಜರಿಗೆ ಕೊಡುವಾಗ ಕೆಜಿ ಲೆಕ್ಕದಲ್ಲಿ ತೂಗಿ ದುಡ್ಡು ಎಣಿಸಿಕೊಂಡು ಬಂದರೆ ಕೆಲಸ ಮುಗಿಯುವುದಿಲ್ಲ. ಕಾಯ್ದೆಯ 55ನೇ ಕಲಮಿನಂತೆ, ಬಳಕೆಗೆ ಬಾರದಂತಾದ ವಾಹನದ ವಿಷಯವನ್ನು ಮಾಲೀಕ 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಬೇಕು. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಬೇರೆಲ್ಲಿ ಕೊಟ್ಟರೂ ಚಾಸಿ ನಂಬರ್ ಕೊರೆದಿರುವ ತಗಡಿನ ತುಂಡನ್ನು ನಿಮ್ಮ ಕಣ್ಣೆದುರೇ ಕತ್ತರಿಸಿ ತೆಗೆಸಿ, ಅದನ್ನೂ ನಂಬರ್ ಪ್ಲೇಟುಗಳನ್ನೂ ನೀವೇ ಇಟ್ಟುಕೊಂಡು ಆರ್‌ಟಿಓಗೆ ಒಯ್ಯಿರಿ. ಅದನ್ನು ಬಿಟ್ಟುಬಂದರೆ, ನಿಮ್ಮ ಹೆಸರಿನ ಆರ್‌ಸಿ ಮತ್ತು ಆ ತಗಡಿನ ತುಂಡು ಸೇರಿ ಇನ್ನೊಂದು ಕದ್ದ ಕಾರಿಗೋ ಎರಡು ತುಂಡು ಬೆಸೆದ ಕಾರಿಗೋ ಅಂಟಿಕೊಂಡು ಮತ್ತೆ ರಸ್ತೆಗಿಳಿಯಬಹುದು, ಅದರ ಅಪಘಾತದ ನೋಟಿಸ್ ನಿಮ್ಮ ಮನೆಗೆ ಬರಬಹುದು.